ಬರಿ, ಮರೀಬೇಡ

ನೇಯ್ಗೆ ಗಿರಣಿಯ ಹತ್ತೊಂಬತ್ತನೇ ಮಗ್ಗದ ಹೆಂಗಸನ್ನು ಎಲ್ಲರೂ ಹೂಂ ಅಕ್ಕ ಎಂದು ಕರೆಯುತ್ತಿದ್ದರು. ಯಾರು ಏನು ಹೇಳಿದರೂ ಅವಳು ‘ಹೂಂ’ ಅನ್ನುತ್ತಿದ್ದಳು, ಜೊತೆಗೆ ಒಂದು ನಗೆ. ಎದುರು ಮಾತಾಡಿದ್ದೇ ಇಲ್ಲ, ಇಂಥ ಒಳ್ಳೆಯವಳು ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದು ಮೇಸ್ತ್ರಿಯಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರೂ ಹೊಗಳುತ್ತಿದ್ದರು. ಒಳ್ಳೆಯತನವೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅಷ್ಟೆ.

ಎಡಗಿವಿ ಹೋಗಿ ಹನ್ನೊಂದು ವರ್ಷವಾಗಿತ್ತು. ಬಲಗಿವಿಯೂ ಒಂಟಿಯಾಗಿರಲು ಬೇಸರವಾದವರ ಹಾಗೆ ಸ್ವಲ್ಪಸ್ವಲ್ಪವೇ ಅದರ ಹಿಂದೆ ಹೋಯಿತು. ಈಗ ಪಕ್ಕದಲ್ಲಿ ತಟ್ಟೆ ಬಿದ್ದರೆ ನೆಲ ಅದುರಿದ್ದು ಅಂಗಾಲಿಗೆ ಗೊತ್ತಾಗುತ್ತಿತ್ತು, ಕಿವಿಗಲ್ಲ. ಆದರೆ ಗಿರಣಿಯ ತಮಾಷೆ ನೋಡಿ. ನಲವತ್ತು ಮಗ್ಗಗಳು ಒಟ್ಟಿಗೆ ಬಡಿಯುವ ಆ ಕೊಠಡಿಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ಬಾಯಿ ಅಗಲಿಸಿ, ತುಟಿ ನೋಡಿಯೇ ಮಾತಾಡುವುದು. ಆ ವಿದ್ಯೆಯಲ್ಲಿ ಹೂಂ ಅಕ್ಕನನ್ನು ಮೀರಿಸುವವರಿರಲಿಲ್ಲ. ಹತ್ತು ಮಗ್ಗಗಳಾಚೆ ಯಾರಾದರೂ ತಮ್ಮ ನಾದಿನಿಯನ್ನು ಬೈದರೆ ಒಂದಕ್ಷರ ಬಿಡದೆ ಇವಳಿಗೆ ತಲುಪುತ್ತಿತ್ತು. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ಸಾಕು, ಲಾಳಿ ಎಲ್ಲಿ ತಡವರಿಸುತ್ತಿದೆ ಎಂದು ಎಳೆ ಹರಿಯುವ ಮೊದಲೇ ತಿಳಿಯುತ್ತಿತ್ತು.

ಮನೆಯಲ್ಲಿಯೂ ಬಚಾವಾಗಿದ್ದಳು. ಅತ್ತೆಗೆ ವಯಸ್ಸಾಗಿ ಕಿವಿ ಮಂದ. ಹಾಗಾಗಿ ಬಂದವರೆಲ್ಲ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು ಕಿರುಚುತ್ತಿದ್ದರು. ಕಿವುಡಿ ಎಂಬ ಹೆಸರು ಅತ್ತೆಯ ಪಾಲಾಯಿತು, ಸೊಸೆ ಅದರ ನೆರಳಲ್ಲಿ ಉಳಿದುಕೊಂಡಳು. ನಿಜ ಗೊತ್ತಿದ್ದದ್ದು ಒಂಬತ್ತನೇ ತರಗತಿಯ ಮಗಳಿಗೆ ಮಾತ್ರ.

ಹೆದರಿಕೆ ಶುರುವಾಗುತ್ತಿದ್ದದ್ದು ಮಗ್ಗಗಳು ನಿಂತಾಗ. ಊಟದ ಹೊತ್ತಿಗೆ ಕೊಠಡಿ ತಣ್ಣಗಾಗುತ್ತಲೂ ಜನ ಬಾಯಿ ಅಗಲಿಸುವುದನ್ನು ಬಿಟ್ಟುಬಿಡುತ್ತಿದ್ದರು. ಪಕ್ಕಕ್ಕೆ ತಿರುಗಿ ಮಾತಾಡುವವರು, ತುತ್ತು ಅಗಿಯುತ್ತ ಮಾತಾಡುವವರು, ಬೆನ್ನ ಹಿಂದಿನಿಂದ ಕರೆಯುವವರು. ಹೂಂ ಅಕ್ಕ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು, ಎಲ್ಲರೂ ನಕ್ಕಾಗ ನಗುತ್ತಿದ್ದಳು. ಎಲ್ಲರಿಗಿಂತ ಹೆಚ್ಚಾಗಿ ಅವಳಿಗೆ ಹೆದರಿಕೆ ಮೇಸ್ತ್ರಿಯದು, ಅದರಲ್ಲೂ ಮೇಸ್ತ್ರಿಯ ಮೀಸೆಯದು. ಮೇಲ್ದುಟಿಯನ್ನು ಪೂರ್ತಿ ಮುಚ್ಚಿ ಕೆಳದುಟಿಯ ಮೇಲೂ ಒರಗಿದ ಆ ಪೊದೆಯೊಳಗಿಂದ ಯಾವ ಮಾತು ಹೊರಟಿತೆಂದು ಕಂಡವರುಂಟೇ? ಅವನು ಬಾಯಿ ಆಡಿಸಿದಾಗಲೆಲ್ಲ ಅವಳು ‘ಹೂಂ’ ಅಂದು, ರಾತ್ರಿಯೆಲ್ಲ ತಾನು ಏನಕ್ಕೆ ಒಪ್ಪಿಕೊಂಡೆನೋ ಎಂದು ಒದ್ದಾಡುತ್ತಿದ್ದಳು.

ಇನ್ನೊಂದು ಕಾಟ ಬ ಮತ್ತು ಮ. ಎರಡಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಒಮ್ಮೆ ಜೊತೆಗಾತಿಯೊಬ್ಬಳು ಅಳುತ್ತ “ಮಾವ ತೀರ್ಕೊಂಡ್ರು” ಅಂದದ್ದನ್ನು ಇವಳು “ಭಾವ ತೀರ್ಕೊಂಡ್ರು” ಎಂದು ನೋಡಿಕೊಂಡು, ಸಂಜೆ ಆ ಭಾವನ ಮನೆಗೇ ಹೋಗಿ ಬಾಗಿಲು ತಟ್ಟಿದಳು. ಬಾಗಿಲು ತೆಗೆದದ್ದು ಸಾಕ್ಷಾತ್ ಭಾವನೇ. ಇವಳು ಕೈಯಲ್ಲಿದ್ದ ಹಣ್ಣಿನ ಚೀಲವನ್ನು ಅವನ ಕೈಗೆ ತುರುಕಿ ಓಡಿಬಂದಳು. ಆ ಮನುಷ್ಯ ಇವತ್ತಿಗೂ ಆ ಹಣ್ಣು ಯಾಕೆ ಬಂತೆಂದು ಕೇಳುತ್ತಿರುತ್ತಾನಂತೆ.

ನಗಬಹುದು. ಅವಳಿಗೆ ನಗು ಬರುತ್ತಿರಲಿಲ್ಲ. ಗಂಡ ಹೋದ ಮೇಲೆ ಮೂರು ಹೊಟ್ಟೆಗೆ ಆ ಹತ್ತೊಂಬತ್ತನೇ ಮಗ್ಗವೊಂದೇ ಆಧಾರ. ಹಿಂದೆ ಬಣ್ಣದ ವಿಭಾಗದಲ್ಲಿ ಒಬ್ಬನಿದ್ದ. ತನಗೆ ಆಗಾಗ ಮೂರ್ಛೆ ಬರುತ್ತದೆಂದು ತಾನಾಗಿಯೇ ಹೋಗಿ ಹೇಳಿದ. ಪಾಪ, ವಿಶ್ರಾಂತಿ ತಗೋ ಎಂದು ಮನೆಗೆ ಕಳಿಸಿದರು. ಆ ವಿಶ್ರಾಂತಿ ಇನ್ನೂ ಮುಗಿದಿಲ್ಲ.

ಹೀಗಿರುವಾಗ ಒಂದು ದಿನ ಕಚೇರಿಯ ಮೇಡಂ ಊಟದ ಕೋಣೆಗೆ ಬಂದು ಎಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟರು. ಏನೋ ವಿವರಿಸಿದರು. ಕಾಗದ ನೋಡಿಕೊಂಡೇ ಹೇಳುತ್ತಿದ್ದರಿಂದ ಹೂಂ ಅಕ್ಕನಿಗೆ ಸಿಕ್ಕಿದ್ದು ಚೂರುಪಾರು: ‘ಹೊಸ ಕಾನೂನು’, ‘ಎಲ್ಲರೂ ಸಮಾನರು’, ‘ಸೋಮವಾರದೊಳಗೆ’. ಹೂಂ ಅಂದಳು. ಸಂಜೆ ಮಗಳು ಫಾರಂ ಓದಿ, ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ ಹೇಳಿದಳು.

“ಹೆಂಗಸು ಅಂತ, ವಯಸ್ಸಾಯ್ತು ಅಂತ, ಬೇರೆ ಧರ್ಮ ಅಂತ, ಮೈಯಲ್ಲಿ ಊನ ಇದೆ ಅಂತ ಯಾರನ್ನೂ ಕೆಲಸದಿಂದ ತೆಗೆಯೋ ಹಾಗಿಲ್ಲಮ್ಮ. ಎಷ್ಟೋ ದೇಶದಲ್ಲಿ ಮೊದ್ಲೇ ಇತ್ತಂತೆ, ಈಗ ಇಲ್ಲೂ ಬಂದಿದೆ. ಆರನೇ ಪ್ರಶ್ನೆ ನೋಡು. ಕಾಣೋದು, ಕೇಳೋದು, ನಡೆಯೋದು, ಯಾವುದ್ರಲ್ಲಾದ್ರೂ ತೊಂದ್ರೆ ಇದ್ಯಾ? ಇದ್ರೆ ಏನು ಅನುಕೂಲ ಬೇಕು? ಬರೆದುಬಿಡಮ್ಮ.”

“ಕೆಳಗಡೆ ಸಣ್ಣಕ್ಷರದಲ್ಲಿ ಏನಿದೆ?”

“ಸುಳ್ಳು ಬರೆದ್ರೆ ಶಿಸ್ತುಕ್ರಮ ಅಂತ.”

ಬರೆದರೆ ಬಣ್ಣದವನ ವಿಶ್ರಾಂತಿ, ಬರೆಯದಿದ್ದರೆ ಶಿಸ್ತುಕ್ರಮ. ಇದೇನು ಕಾನೂನೋ, ಅಡಕತ್ತರಿಯೋ? “ನೀನು ಪುಸ್ತಕ ಓದ್ತೀಯ, ನಾನು ಗಿರಣಿ ಓದ್ತೀನಿ, ಸುಮ್ನಿರು” ಎಂದು ಮಗಳನ್ನು ಗದರಿದಳು. ಗದರಿದ್ದು ಮಗಳನ್ನಲ್ಲ, ತನ್ನ ಎದೆಯ ಹೊಡೆತವನ್ನು.

ಸೋಮವಾರ ಮಧ್ಯಾಹ್ನದ ತನಕ ಆರನೇ ಜಾಗ ಖಾಲಿಯೇ ಇತ್ತು. ಫಾರಂ ಹಾಕಲು ಇಟ್ಟಿದ್ದ ಪೆಟ್ಟಿಗೆಯನ್ನು ಮೂರು ಗಂಟೆಗೆ ತೆರೆಯುವವರಿದ್ದರು. ಆಚೆ ಸಾಲಿನಲ್ಲಿ ಹರಿದ ಎಳೆಗಳಿಗೆ ಗಂಟು ಹಾಕುವ ಗೆಳತಿ ಇದ್ದಳು, ಎಲ್ಲರ ಬಾಯಲ್ಲಿ ಗಂಟಕ್ಕ. ಕಾಗದ ಪತ್ರದ ವಿಚಾರದಲ್ಲಿ ಜಾಣೆ, ಆಡಿದ ಮಾತು ತಪ್ಪದವಳು. ಹೂಂ ಅಕ್ಕ ಧೈರ್ಯ ಮಾಡಿ ಫಾರಂ ಎತ್ತಿ ತೋರಿಸಿ, ಆರು ಬೆರಳು ಮಾಡಿ, ಬಾಯಿ ಅಗಲಿಸಿದಳು: “ಇದಕ್ಕೇನಾದ್ರೂ ಬರೀಬೇಕಾ?”

ನಲವತ್ತು ಮಗ್ಗಗಳ ಬಡಿತದ ನಡುವೆ ಗಂಟಕ್ಕ ತಲೆಯೆತ್ತಿ ಸ್ಪಷ್ಟವಾಗಿ ಎರಡು ಮಾತು ಹೇಳಿದಳು. ಹೂಂ ಅಕ್ಕನ ಕಣ್ಣಿಗೆ ಕಂಡದ್ದು ಇಷ್ಟು:

“ಮರಿ, ಬರೀಬೇಡ.”

ಅಬ್ಬ, ಜೀವ ಬಂದಂತಾಯಿತು. ಅದನ್ನು ಮರೆತುಬಿಡು, ಬರೆಯಬೇಡ. ಗಂಟಕ್ಕನೇ ಹೇಳಿದ ಮೇಲೆ ಇನ್ನೇನು! ಆರನೇ ಜಾಗದಲ್ಲಿ ‘ಇಲ್ಲ’ ಎಂದು ಗೀಚಿ, ಸಹಿ ಹಾಕಿ, ಪೆಟ್ಟಿಗೆಗೆ ಹಾಕಿಬಂದಳು. ಅಂದು ರಾತ್ರಿ ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಎರಡು ವಾರ ಕಳೆದು ಎಲೆಕ್ಟ್ರಿಶಿಯನ್ ಏಣಿ ಹಿಡಿದು ಬಂದ. ಕೆಲವು ಮಗ್ಗಗಳ ಮೇಲೆ ಕೆಂಪು ದೀಪ ಕೂರಿಸತೊಡಗಿದ. ಮೂರನೆಯದಕ್ಕೆ, ಎಂಟಕ್ಕೆ, ಹದಿನಾಲ್ಕಕ್ಕೆ, ಗಂಟಕ್ಕನ ಮೇಜಿನ ಮೇಲೂ ಒಂದು. ಒಟ್ಟು ಏಳು. ಬೆಂಕಿಯ ಸೈರನ್ ಕೂಗಿದಾಗ ಅವು ಮಿನುಗುತ್ತವಂತೆ, ಕಿವಿ ಸರಿಯಿಲ್ಲವೆಂದು ಬರೆದವರಿಗೆ. ಹತ್ತೊಂಬತ್ತರ ಮುಂದೆ ಅವನು ನಿಲ್ಲಲೇ ಇಲ್ಲ, ಏಣಿ ಹೊತ್ತು ಮುಂದೆ ಹೋದ. ಇಷ್ಟು ಜನಕ್ಕೆ ಕಿವಿ ಕೇಳಿಸುವುದಿಲ್ಲವೇ? ಗಂಟಕ್ಕನಿಗೂ?

ಗಂಟಕ್ಕ ತಾನೇ ಎದ್ದುಬಂದಳು. ಹತ್ತೊಂಬತ್ತರ ನೆತ್ತಿಯನ್ನೂ ಗೆಳತಿಯ ಮುಖವನ್ನೂ ನೋಡಿ ಹುಬ್ಬು ಗಂಟಿಕ್ಕಿ, “ನಿಂಗ್ಯಾಕೆ ಬಂದಿಲ್ಲ? ನಾನು ಅವತ್ತು ಹೇಳಿರ್ಲಿಲ್ವೇನೇ?” ಅಂದಳು.

“ನೀನೇ ಅಲ್ವಾ ಬರೀಬೇಡ ಅಂದಿದ್ದು!”

ಗಂಟಕ್ಕ ಏನೋ ಅಂದಳು. ಅದೇ ತುಟಿ, ಅದೇ ಎರಡು ಮಾತು. ಹೂಂ ಅಕ್ಕ “ಅದನ್ನೇ ಮಾಡಿದ್ದು ಕಣೇ” ಅಂದಳು. ಗಂಟಕ್ಕ ತಲೆ ಚಚ್ಚಿಕೊಂಡು, ಮಗ್ಗದ ಚೌಕಟ್ಟಿನ ಮೇಲೆ ಕೂತಿದ್ದ ಹತ್ತಿಯ ಧೂಳಿನಲ್ಲಿ ಬೆರಳಿಂದ ಬರೆದಳು:

ಬರಿ, ಮರೀಬೇಡ.

ಬ ಮೊದಲು, ಮ ಆಮೇಲೆ. ಹೂಂ ಅಕ್ಕ ಆ ಧೂಳನ್ನೇ ನೋಡುತ್ತ ನಿಂತಳು. ಸುಳ್ಳು ಬರೆದಾಗಿತ್ತು, ಅದರ ಕೆಳಗೆ ಅವಳದೇ ಸಹಿ. ಇಷ್ಟು ದಿನ ಅವಳು ಕಿವುಡಿ ಮಾತ್ರವಾಗಿದ್ದಳು, ಈಗ ಸುಳ್ಳುಗಾತಿಯೂ ಆದಳು. ಕಾಪಾಡಲು ಬಂದ ಕಾನೂನನ್ನೇ ಕೈಯಾರೆ ತನ್ನ ಮೇಲೆ ಎಳೆದುಕೊಂಡಿದ್ದಳು.

“ಹೋಗಿ ಹೇಳ್ಬಿಡು, ಇನ್ನೊಂದು ಫಾರಂ ಕೊಡ್ತಾರೆ” ಎಂದು ಗಂಟಕ್ಕ ಸೆರಗಿನಿಂದ ಧೂಳು ಒರೆಸಿದಳು. “ನಾಳೆ” ಅಂದಳು ಇವಳು. ಆ ನಾಳೆಯನ್ನು ಒಂಬತ್ತು ದಿನ ಎಳೆದಳು. ಕಚೇರಿಯ ಮೆಟ್ಟಿಲ ತನಕ ಹೋಗುವುದು, ಕಾಲು ಬರದೆ ಹಿಂತಿರುಗುವುದು. ಸೈರನ್ ಪರೀಕ್ಷೆ ಯಾವ ಗಳಿಗೆಯಲ್ಲಾದರೂ ಆಗಬಹುದು, ಕೂಗಿದ ಕೂಡಲೇ ಎಲ್ಲರೂ ಅಂಗಳಕ್ಕೆ ಬರಬೇಕು ಎಂದು ನೋಟೀಸು ಹಚ್ಚಿದ್ದರು. ಅವಳು ತನ್ನ ಮಗ್ಗ ಬಿಟ್ಟು ಎಂಟನೆಯ ಮಗ್ಗದ ದೀಪವನ್ನೇ ನೋಡುತ್ತ ನೇಯತೊಡಗಿದಳು. ಎಂದೂ ಹರಿಯದ ಎಳೆಗಳು ಪಟಪಟನೆ ಹರಿದವು.

ಹತ್ತನೇ ದಿನ ಒಂದೇ ಗಂಟೆಯಲ್ಲಿ ಮೂರು ಸಲ ಎಳೆ ಹರಿಯಿತು. ಹೂಂ ಅಕ್ಕ ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು ಗಂಟು ಹಾಕುತ್ತಿದ್ದಳು. ಯಾರೋ ಭುಜ ತಟ್ಟಿದರು. ತಿರುಗಿದರೆ ಮೇಸ್ತ್ರಿ. ಮೀಸೆ ಅಲುಗಾಡಿತು.

“ಹೂಂ” ಅಂದಳು, ನಕ್ಕಳು.

ಮೀಸೆ ಮತ್ತೆ ಅಲುಗಾಡಿತು, ಈ ಸಲ ಜೋರಾಗಿ. ಎಳೆ ಹರಿದದ್ದಕ್ಕೆ ಬೈಯುತ್ತಿದ್ದಾನೆ ಅಂದುಕೊಂಡು ಮತ್ತೆ “ಹೂಂ” ಅಂದು ಮಗ್ಗಕ್ಕೆ ಕೈ ಹಾಕಿದಳು. ಅವನು ಆ ಕೈ ಹಿಡಿದುಕೊಂಡ. ಆಗ ಅವನ ಭುಜದಾಚೆ ಕಂಡಿತು. ಸಾಲುಸಾಲು ಮಗ್ಗಗಳು ತಮ್ಮಷ್ಟಕ್ಕೆ ಬಡಿಯುತ್ತಲೇ ಇವೆ, ಮುಂದೆ ಒಬ್ಬರೂ ಇಲ್ಲ. ಎಂಟರ ಮೇಲೆ ಕೆಂಪು ದೀಪ ಮಿನುಗುತ್ತಿದೆ, ಹದಿನಾಲ್ಕರ ಮೇಲೆ ಮಿನುಗುತ್ತಿದೆ. ಇಡೀ ಗಿರಣಿ ಅಂಗಳದಲ್ಲಿ ನಿಂತು ಒಬ್ಬಳಿಗಾಗಿ ಕಾಯುತ್ತಿದೆ. ಮೇಸ್ತ್ರಿ ಕೇಳಿದ್ದು ‘ಸೈರನ್ ಕೇಳಿಸ್ತಿಲ್ವಾ’ ಎಂದು. ಅದಕ್ಕೆ ಅವಳು ಎರಡು ಸಲ ಹೂಂ ಅಂದಿದ್ದಳು.

ಕಚೇರಿಯ ಕೋಣೆ ತೀರ ಚೊಕ್ಕಟ. ಅಲ್ಲಿ ನೆಲವೂ ಅದುರುತ್ತಿರಲಿಲ್ಲ, ಅಂಗಾಲಿಗೂ ಯಾವ ಸುದ್ದಿಯೂ ಸಿಗುತ್ತಿರಲಿಲ್ಲ. ಮೇಡಂ ಫೈಲು ತೆರೆದು, ಅವಳ ಫಾರಂ ತೆಗೆದು, ತಲೆ ಬಗ್ಗಿಸಿಯೇ ಏನೋ ಕೇಳತೊಡಗಿದರು. ಕಾಣುತ್ತಿದ್ದದ್ದು ಬೈತಲೆ ಮಾತ್ರ. ಬಾಗಿಲ ಹತ್ತಿರ ಮೇಸ್ತ್ರಿ ನಿಂತಿದ್ದ. ಅವನೂ ಏನೋ ಅಂದಿರಬೇಕು, ಮೇಡಂ ಆ ಕಡೆ ನೋಡಿ ಮತ್ತೆ ತಲೆ ಬಗ್ಗಿಸಿದರು. ಹೂಂ ಅಕ್ಕನ ನಾಲಿಗೆಯ ತುದಿಯಲ್ಲಿ ಆ ಹಳೆಯ ಹೂಂ ಆಗಲೇ ಬಂದು ಕೂತಿತ್ತು. ಆದರೆ ಇವರು ಕೇಳುತ್ತಿರುವುದೇನು? ಸುಳ್ಳು ಬರೆದದ್ದು ಹೌದಾ ಎಂದೋ? ಕೆಲಸ ಬಿಡುತ್ತೀರಾ ಎಂದೋ? ಈ ಒಂದು ಹೂಂ ಬಾಯಿಂದ ಬಿದ್ದರೆ ಮಗಳ ಶಾಲೆ, ಅತ್ತೆಯ ಔಷಧಿ, ಎಲ್ಲವೂ ಅದರ ಜೊತೆ ಬಿದ್ದುಹೋಗಬಹುದು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮೇಡಂ, ನಂಗೆ ಕೇಳ್ಸಲ್ಲ. ಮುಖ ಎತ್ತಿ ಹೇಳಿ.”

ಕೂಗಿಯೇಬಿಟ್ಟಿರಬೇಕು, ಪಕ್ಕದ ಕೋಣೆಯ ಗುಮಾಸ್ತ ಬಂದು ಇಣುಕಿದ. ಮೇಡಂ ಮುಖ ಎತ್ತಿದರು.

“ಯಾವಾಗಿಂದ?”

“ಹನ್ನೊಂದು ವರ್ಷ.”

“ಮತ್ತೆ ಇಲ್ಲ ಅಂತ ಬರೆದು ಸಹಿ ಹಾಕಿದ್ದೀರಲ್ಲ?”

“ಗಂಟಕ್ಕ ಬರಿ ಅಂದ್ಲು, ನಾನು ಮರಿ ಅಂತ ನೋಡ್ದೆ. ಅವ್ಳು ಮರೀಬೇಡ ಅಂದಿದ್ದು ನಂಗೆ ಬರೀಬೇಡ ಅಂತ ಕಾಣಿಸ್ತು. ತುಟೀಲಿ ಎರಡೂ ಒಂದೇ ಮೇಡಂ. ಹೆದರ್ಕೊಂಡಿದ್ದೆ, ಅದಕ್ಕೇ ನಂಗೆ ಬೇಕಾದ್ದೇ ಕಾಣಿಸ್ತು.”

ಮೇಡಂ ಕಿಟಕಿಯ ಗಾಜಿನ ಕಡೆ ತಿರುಗಿ, ತಮ್ಮದೇ ಪ್ರತಿಬಿಂಬ ನೋಡುತ್ತ, ತುಟಿ ಆಡಿಸಿದರು. ಒಂದು ಸಲ, ಎರಡು ಸಲ. ಬಾಗಿಲ ಬಳಿ ಮೇಸ್ತ್ರಿಯ ತುಟಿಯೂ ಆಡುತ್ತಿತ್ತೋ ಏನೋ, ಮೀಸೆ ಸಣ್ಣಗೆ ಅಲುಗಾಡಿತು. ಆಮೇಲೆ ಮೇಡಂ ಒಂದು ಹೊಸ ಫಾರಂ ಮುಂದಿಟ್ಟು ಪೆನ್ನು ಕೊಟ್ಟರು.

ಆರನೇ ಜಾಗದಲ್ಲಿ ಅವಳು ‘ಎರಡೂ ಕಿವಿ ಕೇಳಿಸುವುದಿಲ್ಲ’ ಎಂದು ಬರೆದಳು. ಅಕ್ಷರಗಳು ಸೊಟ್ಟಸೊಟ್ಟ. ಏನು ಅನುಕೂಲ ಬೇಕು ಎಂಬಲ್ಲಿ ‘ಒಂದು ಕೆಂಪು ದೀಪ’ ಎಂದು ಬರೆದು ನಿಲ್ಲಿಸಿದಳು. ಹೇಗಿದ್ದರೂ ಮುಳುಗಿದ್ದಾಗಿದೆ ಅನ್ನಿಸಿರಬೇಕು, ಅದರ ಪಕ್ಕದಲ್ಲಿ ‘ಮೇಸ್ತ್ರಿಯವರ ಮೀಸೆ ತುಟಿ ಕಾಣುವಷ್ಟು ಸಣ್ಣದಾಗಬೇಕು’ ಎಂದೂ ಸೇರಿಸಿದಳು. ಸಹಿ ಹಾಕಿದಳು. ಕಾಗದವನ್ನು ಮೇಡಂ ಕಡೆ ತಳ್ಳಿದಳು, ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

“ನನ್ನ ಕೆಲಸ ಉಳಿಯುತ್ತಾ ಮೇಡಂ?”

ಮೇಡಂ ಕಾಗದ ಓದಿದರು. ಹಳೆಯ ಫಾರಂ ನೋಡಿದರು, ಮೇಸ್ತ್ರಿಯ ಮೀಸೆ ನೋಡಿದರು. ತುಟಿ ಮುಚ್ಚಿಕೊಂಡೇ ಏನೋ ಅಂದರು, ಗಂಟಲು ಸ್ವಲ್ಪ ಅಲುಗಿತು, ಅಷ್ಟೇ. ಮುಚ್ಚಿದ ತುಟಿಯಲ್ಲಿ ಹೂಂ ಯಾವುದು, ಉಹೂಂ ಯಾವುದು? ಹನ್ನೊಂದು ವರ್ಷ ಅವಳೇ ಊರಿಗೆಲ್ಲ ಹಂಚಿದ ಮಾತು ಅದು, ಇವತ್ತು ಅವಳಿಗೇ ಗುರುತು ಸಿಗಲಿಲ್ಲ.

“ಹೂಂ ಅಂದ್ರಾ, ಉಹೂಂ ಅಂದ್ರಾ?” ಅಂದಳು. ಧ್ವನಿ ಒಡೆದದ್ದು ಗಂಟಲಿಗೆ ಗೊತ್ತಾಯಿತು. “ನಂಗೆ ಗೊತ್ತಾಗ್ಲಿಲ್ಲ. ಬರೆದು ತೋರ್ಸಿ.”

ಮೇಡಂ ಪೆನ್ನು ತೆಗೆದುಕೊಂಡರು. ಅವಳ ಸಹಿಯ ಪಕ್ಕದಲ್ಲಿ, ಮಗುವಿಗೆ ಬರೆದುಕೊಡುವಷ್ಟು ದೊಡ್ಡ ಅಕ್ಷರದಲ್ಲಿ ಬರೆದರು:

ಹೂಂ.