ನಮ್ಮ ಮನೆಯ ಅರ್ಜಿರಾಣಿ

ನನ್ನ ಓರಗಿತ್ತಿಗೆ ನಾನಿಟ್ಟ ಹೆಸರು ಅರ್ಜಿರಾಣಿ. ಅವಳೆದುರು ಯಾವತ್ತೂ ಅಂದವಳಲ್ಲ. ಗಂಡನ ಹತ್ತಿರ ಮಾತ್ರ, ಅದೂ ಬಾಗಿಲು ಹಾಕಿಕೊಂಡು. ಮೈದುನನ ಕೈಹಿಡಿದು ಈ ಮನೆಗೆ ಬಂದಾಗ ಅವಳ ಹೆಗಲ ಮೇಲೆ ಒಂದು ಅಕಾರ್ಡಿಯನ್ ಇತ್ತು. ನಾನು ಪಿಟೀಲು ನುಡಿಸುವವಳು ಅಂತ ತಿಳಿದದ್ದೇ ತಡ, "ಒಂದೇ ಮನೇಲಿ ಇಬ್ಬರು ನುಡಿಸೋರು, ಅಕ್ಕಾ!" ಅಂತ ಕುಣಿದಾಡಿಬಿಟ್ಟಳು. ನನಗೇನೂ ಕುಣಿಯಬೇಕು ಅನ್ನಿಸಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಅವಳ ಕೈ ಸುಮಾರು. ತಾಳ ತಪ್ಪುವುದಿಲ್ಲ, ನಗುನಗುತ್ತಾ ನುಡಿಸುತ್ತಾಳೆ, ಅಷ್ಟೇ. ನಾನು ಲಂಗ ಹಾಕುವ ವಯಸ್ಸಿನಿಂದ ಕತ್ತು ಓರೆ ಮಾಡಿಕೊಂಡು ತಂತಿ ಉಜ್ಜಿದವಳು. ಗದ್ದದ ಕೆಳಗೆ ಅದರ ಕಪ್ಪು ಗುರುತು ಇವತ್ತಿಗೂ ಇದೆ. ಆದರೂ ಅರ್ಜಿ ಹಾಕಿದಾಗಲೆಲ್ಲ ಪ್ರತಿಷ್ಠಾನದ ಅನುದಾನ ಬರುತ್ತಿದ್ದದ್ದು ಅವಳಿಗೆ. ಒಂದು ವರ್ಷ ಶಾಲೆಗಳಲ್ಲಿ ನುಡಿಸುವುದಕ್ಕೆ, ಮರುವರ್ಷ ರೆಕಾರ್ಡಿಂಗಿಗೆ, ಅದರ ಮರುವರ್ಷ ಪ್ರವಾಸಕ್ಕೆ. ನನಗೆ ಬರುತ್ತಿದ್ದದ್ದು "ನಿಮ್ಮ ಆಸಕ್ತಿಗೆ ಧನ್ಯವಾದಗಳು" ಎಂಬ ಇಮೇಲ್. ಅವಳಿಗೆ ಬಂದಾಗಲೆಲ್ಲ ಮೈದುನ ಕೇಕು ತರುತ್ತಿದ್ದ. ಮನಸ್ಸಿಲ್ಲದಿದ್ದರೂ ಎರಡೆರಡು ತುಂಡು ತಿನ್ನುತ್ತಿದ್ದೆ, ಬೇಡ ಅಂದರೆ ಹೊಟ್ಟೆಕಿಚ್ಚು ಅಂದುಕೊಂಡಾರು ಅಂತ. ಹೊಟ್ಟೆಕಿಚ್ಚೇ ಆಗಿತ್ತು, ಅದು ಬೇರೆ ಮಾತು.

ನನ್ನ ಸಂಪಾದನೆಯೆಲ್ಲ ಹೋಟೆಲಿನ ಸಮಾರಂಭಗಳಲ್ಲಿ, ಗಾಯಕರ ಹಿಂದಿನ ಸಾಲಿನಲ್ಲಿ ಕೂತು ಯಾರದೋ ಹಾಡಿಗೆ ಕಮಾನು ಎಳೆದದ್ದು. ಆದರೆ ನಾನೇ ಕಟ್ಟಿದ ಮಟ್ಟುಗಳೂ ಒಂದಷ್ಟಿದ್ದವು. ಎರಡು ಪಿಟೀಲು, ಪಿಟೀಲಿನ ದೊಡ್ಡಕ್ಕನಂಥ ಒಂದು ಸೆಲ್ಲೊ ಸೇರಿ ನುಡಿಸುವಂಥವು. ಸೆಲ್ಲೊ ನುಡಿಸುವ ಗೆಳತಿ ವರ್ಷದ ಕೊನೆಗೆ ಊರು ಬಿಡುವವಳಿದ್ದಳು. ಅಷ್ಟರೊಳಗೆ ಅನುದಾನ ಸಿಕ್ಕಿ ರೆಕಾರ್ಡಿಂಗ್ ಆದರೆ ಆಯಿತು, ಇಲ್ಲದಿದ್ದರೆ ಅವು ನನ್ನ ಜೊತೆಗೇ ಮಣ್ಣಾಗುತ್ತವೆ. ಅದನ್ನು ನೆನೆದರೆ ನಿದ್ದೆ ಹತ್ತುತ್ತಿರಲಿಲ್ಲ.

ಓರಗಿತ್ತಿಗೆ ಅನುದಾನ ಕೊಡುವ ಸಮಿತಿಯಲ್ಲಿ ಯಾರೋ ಬೇಕಾದವರಿದ್ದಾರೆ ಅಂತಲೇ ನಾನು ನಂಬಿದ್ದೆ. ನಂಬಿಕೆ ಮುರಿದದ್ದು ಒಂದು ಬೆಳಿಗ್ಗೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ. ನಮ್ಮ ವಾಸ ಮಹಡಿಯಲ್ಲಿ, ಅವಳೂ ಮೈದುನನೂ ಕೆಳಗೆ, ಅತ್ತೆ ಅವರ ಜೊತೆ. ಕೆಳಗಿನ ಅಡುಗೆಮನೆಯ ಕಿಟಕಿ ತೆರೆದಿತ್ತು. ಅತ್ತೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು, ಅವಳು ಎದುರು ನಿಂತು ಅರ್ಜಿ ಓದುತ್ತಿದ್ದಳು. ಅತ್ತೆ "ಹಾಗಂದ್ರೆ?" ಅಂದ ಕಡೆ ವಾಕ್ಯ ಹೊಡೆದು ಹಾಕುವಳು. ಅತ್ತೆ ಆಕಳಿಸಿದರೆ ಇಡೀ ಪ್ಯಾರಾಕ್ಕೇ ಗೀಟು. ಕೊನೆಗೆ ಮಿಕ್ಸಿ ಹಾಕಿ, ಅದರ ಗದ್ದಲದ ನಡುವೆ ಫೋನಿನಲ್ಲಿ ತನ್ನ ಸಂಗೀತದ ತುಣುಕು ಕೇಳಿಸಿ, "ಅತ್ತೆ, ಯಾವ ಜಾಗದಲ್ಲಿ ನಿಮ್ಮ ಕೈ ನಿಂತಿತು?" ಅಂತ ಕೇಳಿದಳು. ಅವರು ಹೇಳಿದ ಜಾಗದಿಂದಲೇ ತುಣುಕು ಕತ್ತರಿಸಿದಳು. ಎಲಾ ಇವಳ! ಗುಟ್ಟು ಇಷ್ಟೇ ಅಂತ ಗೊತ್ತಾದಾಗ ನನಗೆ ಇನ್ನೂ ಉರಿಯಿತು. ಅತ್ತೆ ನನಗೂ ಅತ್ತೆಯೇ ಅಲ್ಲವೇ?

ಅವಳು ಕಾರ್ಯಕ್ರಮಕ್ಕೆಂದು ಪರವೂರಿಗೆ ಹೋಗುವವರೆಗೆ ಕಾದು, ನನ್ನ ಅರ್ಜಿ ಹಿಡಿದುಕೊಂಡು ಕೆಳಗಿಳಿದೆ. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು.

"ಬಾಲ್ಯದಿಂದಲೂ ಸಂಗೀತವೇ ನನ್ನ ಉಸಿರು. ಸಮಕಾಲೀನ ಮೌನಗಳೊಂದಿಗೆ ಅನುಸಂಧಾನ ನಡೆಸುವುದು ಈ ಯೋಜನೆಯ ಆಶಯ."

"ಉಸಿರು ಸರಿ," ಅಂದರು ಅತ್ತೆ. "ಮೌನದ ಜೊತೆ ಏನು ನಡೆಸ್ತೀಯಾ?"

"ಅನುಸಂಧಾನ ಅತ್ತೆ."

"ಹಾಗಂದ್ರೆ?"

ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹೊಡೆದು ಹಾಕಿದೆ. ಬಹುಮಾನಗಳ ಪ್ಯಾರಾ ಬಂದಾಗ ಅವರು ಆಕಳಿಸಿದ ಆಕಳಿಕೆಗೆ ಕಣ್ಣಲ್ಲಿ ನೀರೇ ಬಂತು, ಅವರ ಕಣ್ಣಲ್ಲಿ. ಅದೂ ಹೋಯಿತು. ಇನ್ನು ಸಂಗೀತದ ತುಣುಕು. ನಿಧಾನವಾಗಿ, ಕೆಳಗಿನ ತಂತಿಯಿಂದ ಒಂದೊಂದೇ ಸ್ವರ ಎದ್ದು ಬರುವ ಆ ಆರಂಭ ನನ್ನ ಹೆಮ್ಮೆ. ಮಿಕ್ಸಿ ಹಾಕಿ ಕೇಳಿಸಿದೆ.

"ಇನ್ನೂ ಶ್ರುತಿ ಮಾಡ್ಕೊಳ್ತಿದ್ದೀಯಾ? ಶುರು ಯಾವಾಗ?"

ಮೈಯೆಲ್ಲ ಉರಿದುಹೋಯಿತು. ಎದ್ದು ಬಂದುಬಿಡೋಣ ಅನ್ನಿಸಿತು. ಆದರೆ ಎದ್ದರೆ ಈ ವರ್ಷವೂ ಅವಳ ಕೇಕು ತಿನ್ನಬೇಕಾದೀತು ಅಂತ ಹಲ್ಲು ಕಚ್ಚಿಕೊಂಡು ಕೂತೆ. ಮಟ್ಟು ಓಟ ಹಿಡಿಯುವ ಜಾಗಕ್ಕೆ ಬಂದಾಗ ಅತ್ತೆಯ ಕೈ ನಿಂತಿತು.

"ಇದನ್ನ ಯಾರ ಮುಂದೆ ನುಡಿಸ್ತೀಯಾ?"

"ಆಸ್ಪತ್ರೆಗಳಲ್ಲಿ ಅತ್ತೆ. ಹೊರಗೆ ಬೆಂಚಿನ ಮೇಲೆ ಕಾಯ್ತಾ ಕೂತಿರ್ತಾರಲ್ಲ, ಅವರ ಮುಂದೆ."

"ಅಲ್ಲಿ ಯಾಕೆ?"

ಯಾಕೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪ ಒಳಗೆ ಮಲಗಿದ್ದಾಗ ನಾನು ಅಂಥದ್ದೊಂದು ಬೆಂಚಿನ ಮೇಲೆ ದಿನಗಟ್ಟಲೆ ಕೂತಿದ್ದೆ. ಫ್ಯಾನಿನ ಸದ್ದು, ಚಪ್ಪಲಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಬಾಗಿಲು ಕಿರ್ ಅಂದಾಗಲೆಲ್ಲ ಎಲ್ಲರ ತಲೆ ಒಟ್ಟಿಗೇ ಅತ್ತ ತಿರುಗುತ್ತಿತ್ತು. ಆ ತಲೆಗಳು ಸ್ವಲ್ಪ ಹೊತ್ತಾದರೂ ಬೇರೆ ಕಡೆ ತಿರುಗಲಿ ಅಂತ ಮನಸ್ಸಿನಲ್ಲೇ ಕಟ್ಟಿದ ಮಟ್ಟುಗಳು ಅವು. ಹೇಳುತ್ತಾ ಹೇಳುತ್ತಾ ನನ್ನ ದನಿ ಒಡೆಯಿತು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಇದನ್ನೇ ಬರಿ. ಉಳಿದದ್ದೆಲ್ಲ ನಾರು."

ಬರೆದೆ. ಅದೇ ಪ್ರತಿಷ್ಠಾನಕ್ಕೆ ಅವಳೂ ಕಳಿಸಿದಳು, ನಾನೂ ಕಳಿಸಿದೆ. ನನಗೆ ಬಂತು. ಅವಳಿಗೆ ಬರಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಬಂತು ಅನ್ನುವುದಕ್ಕಿಂತ ಅವಳಿಗೆ ಬರಲಿಲ್ಲ ಅನ್ನುವುದೇ ಹೆಚ್ಚು ರುಚಿಸಿತು. ಸೆಲ್ಲೊ ಗೆಳತಿಗೆ ಫೋನು ಮಾಡಿದವಳು, ಅವಳಿಗೆ ಬರಲಿಲ್ಲ ಅನ್ನುವುದನ್ನೇ ಎರಡು ಸಲ ಹೇಳಿದೆ. ಈ ಸಲ ಕೇಕು ನಾನೇ ತರಿಸಿದೆ. ಎಲ್ಲಕ್ಕಿಂತ ದೊಡ್ಡ ತುಂಡು ಕೆಳಗೆ ಕಳಿಸಿದೆ, ಬೇಕಂತಲೇ.

ಸಂಜೆ ಅವಳು ತಟ್ಟೆ ವಾಪಸು ಕೊಡಲು ಮೇಲೆ ಬಂದಳು. ತಟ್ಟೆ ತೊಳೆದು ಒರೆಸಿದ್ದಳು. ಬಾಯಿ ನಗುತ್ತಿತ್ತು, ಕಣ್ಣು ಊದಿಕೊಂಡಿತ್ತು. ಆ ಮುಖ ಯಾವುದೆಂದು ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ವರ್ಷಗಟ್ಟಲೆ ನೋಡಿದ್ದೇನೆ.

"ಒಳ್ಳೇದಾಯ್ತು ಅಕ್ಕ," ಅಂದಳು. "ನೀವು ಅರ್ಜಿ ಓದಿ ಕೇಳಿಸಿದ್ದನ್ನ ಅತ್ತೆ ನನಗೆ ಹೇಳಿದ್ರು. ಆಮೇಲೆ ನಾನು ನನ್ನದು ಓದಿದೆ. ಅವರು ಅರ್ಧಕ್ಕೇ ನಿಲ್ಲಿಸಿ, ದೊಡ್ಡವಳದು ಕೇಳಿ ಅಳು ಬಂತು ಕಣೇ ಅಂದ್ರು. ಎಲ್ಲಿಲ್ಲದ ಸಿಟ್ಟು ಬಂತು. ಒಂದು ಅಕ್ಷರವನ್ನೂ ತಿದ್ದದೆ ಹಾಗೇ ಕಳಿಸಿಬಿಟ್ಟೆ."

ನಾನು ಈ ಗಳಿಗೆಗಾಗಿ ಎಷ್ಟು ಕಾದಿದ್ದೆ! ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ.

"ಹೊಟ್ಟೆ ಉರೀತಿದೆಯಾ?"

"ಉರೀದೆ ಇರುತ್ತಾ?" ಅವಳ ನಗು ಅಲ್ಲೇ ಆರಿಹೋಯಿತು. "ನಾನು ಈ ಅರ್ಜಿ ಬರೆಯೋದನ್ನ ಕಲಿತದ್ದು ಯಾಕೆ ಅಂದ್ಕೊಂಡಿದ್ದೀರಿ? ಈ ಮನೆಗೆ ಬಂದ ದಿನ ಮಹಡಿ ಮೇಲೆ ನೀವು ನುಡಿಸ್ತಿದ್ದದ್ದು ಕೇಳಿದೆ. ಏಳು ಜನ್ಮ ಎತ್ತಿದ್ರೂ ನನ್ನ ಕೈಗೆ ಅದು ಬರಲ್ಲ ಅಂತ ಆವತ್ತೇ ಗೊತ್ತಾಯ್ತು. ಬರೋದು ಒಂದಾದ್ರೂ ಇರಲಿ ಅಂತ ಇದನ್ನ ಕಲಿತೆ. ಈಗ ಅದೂ ನಿಮಗೆ ಬಂತು."

ತಟ್ಟೆಯನ್ನು ಮೇಜಿನ ಮೇಲಿಟ್ಟು ಇಳಿದು ಹೋದಳು. ಕೆಳಗೆ ಬಾಗಿಲು ಹಾಕಿಕೊಂಡ ಸದ್ದಾಯಿತು.

ಅಭ್ಯಾಸದ ಹೊತ್ತಾಗಿತ್ತು. ಪೆಟ್ಟಿಗೆ ತೆರೆದೆ, ಕಮಾನು ಬಿಗಿ ಮಾಡಿದೆ, ಮತ್ತೆ ಸಡಿಲಿಸಿ ಹಾಗೇ ಮುಚ್ಚಿಟ್ಟೆ. ನುಡಿಸಿದರೆ ಕೆಳಗೆ ಕೇಳಿಸುತ್ತದೆ.