ಕಮಲಳಿಂದ ಸುಸನ್ನಾಗೆ ಒಂದು ಬಾಣ

ಅಬ್ಬಿಗೆರೆ ಇನ್ನೂ ಹಳ್ಳಿಯಾಗಿಯೇ ಇದ್ದ ಕಾಲ, ಎಪ್ಪತ್ತರ ದಶಕದ ಕೊನೆ. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೇ: ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ ಫಿಲೋಮಿನಾ ಆಂಟಿ. ಅವರ ಯಜಮಾನರಿಗೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ, ಕ್ವಾರ್ಟರ್ಸ್ ಸಿಗುವ ತನಕ ನಮ್ಮಲ್ಲಿದ್ದರು. ನಾನಾಗ ಆರನೇ ಕ್ಲಾಸು. ಮನೆಯಲ್ಲಿ ಬೇರೆ ಯಾರಿಗೂ ಅಕ್ಷರ ಬಾರದು. ಸಂಜೆ ಕುಂಟೆಬಿಲ್ಲೆ ಬಿಟ್ಟು ಆಂಟಿಯ ಹತ್ತಿರ ಇಂಗ್ಲಿಷ್ ಕಲಿಯಲು ಕೂರುತ್ತಿದ್ದೆ.

ಅಜ್ಜಿಗೆ ಮೊದಲ ದಿನದಿಂದಲೇ ಅನುಮಾನ. ಆಂಟಿ ಕೊಟ್ಟ ಕ್ರಿಸ್‌ಮಸ್ ತಿಂಡಿ ಕಲ್ಕಲವನ್ನು ಮೂಸಿ ನೋಡಿ ಹಸುವಿನ ಬಾನಿಗೆ ಹಾಕುತ್ತಿದ್ದಳು. "ಸುಮ್‌ಸುಮ್ನೆ ಯಾರಾನ ಪಾಟ ಏಳ್ಕೊಡ್ತಾರಾ? ಏನೋ ಐತೆ."

ಆಂಟಿ ಆಗ ಬಸುರಿ. ಹೆಣ್ಣುಮಗುವೇ ಬೇಕೆಂದು ಹೆಸರುಗಳ ಹಳೇ ಪುಸ್ತಕವೊಂದನ್ನು ಹಿಡಿದಿದ್ದರು. ಅದೇ ನನ್ನ ಪಾಠವೂ ಆಯಿತು.

"ರೂತ್ ಅಂದ್ರೆ ಗೆಳತಿ. ಡೋರ್ಕಾಸ್ ಅಂದ್ರೆ ಜಿಂಕೆ. ಮಾರ್ತಾ, ಮನೆ ಯಜಮಾನಿ."

"ನಮ್ಮಲ್ಲಿ ಸೊಪ್ಪು ಮಾರ್ತಾ ಬರೋದು ಆಂಟಿ!"

ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕು ಆ ಹೆಸರನ್ನು ಹೊಡೆದುಹಾಕಿದರು. "ಸರಿ, ನಿನ್ನ ಹೆಸ್ರಿಗೆ ಏನರ್ಥ, ಕಮಲಾ?"

"ತಾವರೆ."

ಆಂಟಿ ಅದನ್ನು ಬರೆದುಕೊಂಡರು. ಇದನ್ನು ಯಾಕೆ ಬರೆದುಕೊಂಡರು ಅಂತ ನನಗೂ ಒಂದು ಹುಳ ಹೊಕ್ಕಿತು.

ಮಾರನೇ ದಿನ ಆಂಟಿಗೆ ನೀರಿನ ಕೊಡ ಇಡಲು ಹೋದಾಗ ಪುಸ್ತಕದ ಮೇಲೆ ಒಂದು ಹಾಳೆ. ಇಂಗ್ಲಿಷಿನಲ್ಲಿ ನನ್ನ ಹೆಸರು, ಅಲ್ಲಿಂದ ಒಂದು ಬಾಣ, ಬಾಣದ ತುದಿಗೆ ಸುಸನ್ನಾ. ಕೆಳಗೆ, ಫಾದರನ್ನು ಕೇಳಬೇಕು ಅಂತ. ಅವರೇ ಕಲಿಸಿದ ಇಂಗ್ಲಿಷ್ ಅಷ್ಟು ಓದಲು ಸಾಕಾಯಿತು. ನಮ್ಮ ಮೇಷ್ಟ್ರು ವಿಜ್ಞಾನದಲ್ಲಿ ನೀರು, ಬಾಣ, ಆವಿ ಅಂತ ಬರೆಸಿದ್ದರು. ಬಾಣ ಅಂದರೆ ಒಂದು ಹೋಗಿ ಇನ್ನೊಂದಾಗುವುದು. ಹಾಳೆ ಎತ್ತಿಕೊಂಡು ಅಜ್ಜಿಯ ಹತ್ತಿರ ಓಡಿ, ಓದಿ ಹೇಳಿದೆ.

"ನಾನೇಳ್ಲಿಲ್ವಾ? ನಮ್ ಮಗೀನ ಎಸ್ರೇ ಬದ್ಲಾಯಿಸ್ತಾವ್ಳೆ!"

ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಹಿಂದಿನ ಬಾಗಿಲಿಗೆ ಹೋದ, ಬೆನ್ನಿಗೆ ನಾನೂ ಅಜ್ಜಿಯೂ. "ನೀವು ಓದ್ದೋರು ಕಣಮ್ಮ. ನಮ್ ಮಗೀಗೆ ನೀವ್ಯಾಕೆ ಎಸ್ರಿಡ್ತೀರಿ?"

ಆಂಟಿ ನನ್ನ ಕೈಲಿದ್ದ ಹಾಳೆಯನ್ನು ನೋಡಿದರು. ಆಮೇಲೆ ನನ್ನ ಮುಖ.

"ಅವಳಿಗಲ್ಲ ಅಣ್ಣ. ನನ್ನ ಮಗುಗೇ ಅವಳ ಹೆಸ್ರು ಇಡೋಣ ಅಂತಿದ್ದೆ. ನಮ್ಮ ಹೆಸ್ರುಗಳಲ್ಲಿ ಕಮಲಂಗೆ ಹತ್ರ ಬರೋದು ಸುಸನ್ನಾ, ಅದೂ ಹೂವೇ. ಇವಳ ಓದೋ ಹಟ ನನ್ ಮಗಳಿಗೂ ಬರ್ಲಿ ಅಂತ."

ಅಪ್ಪ ತಲೆ ತಗ್ಗಿಸಿದ. ಅಜ್ಜಿ ನನ್ನ ಕಿವಿಯಲ್ಲಿ, "ಬೆಣ್ಣೆ ಮಾತು, ನಂಬಬ್ಯಾಡ" ಅಂದಳು. ನಾನೂ ನಂಬಲಿಲ್ಲ. "ಮತ್ತೆ ಫಾದರನ್ನ ಯಾಕೆ ಕೇಳ್ಬೇಕು?" ಅಂದೆ.

"ಮಗು ನಾಮಕರಣಕ್ಕೆ ಕಣೆ" ಅಂದರು, ಮೆಲ್ಲಗೆ.

ಅವತ್ತಿನಿಂದ ಪಾಠಕ್ಕೆ ಹೋಗಲಿಲ್ಲ. ಹೆಣ್ಣುಮಗುವೇ ಹುಟ್ಟಿತು. ಕ್ವಾರ್ಟರ್ಸೂ ಸಿಕ್ಕಿತು. ಸಾಮಾನಿನ ಗಾಡಿ ಹೊರಡುವಾಗ ಹತ್ತಿರ ಹೋಗಿ, "ಪಾಪು ಹೆಸ್ರೇನು ಆಂಟಿ?" ಅಂದೆ.

"ಹನ್ನಾ."

ಬಾಗಿಲಲ್ಲಿದ್ದ ಅಜ್ಜಿ, "ಅನ್ನನಾ? ಮಗೀಗೆ ಅನ್ನ ಅಂತ ಎಸ್ರಾ?" ಅಂದಳು. ಈ ಸಲ ಆಂಟಿ ನಗಲಿಲ್ಲ.

ನಮ್ಮ ವಂಶದಲ್ಲೇ ಮೊದಲ ಡಿಗ್ರಿ ನನ್ನದು, ಹಟ ಹಿಡಿದು ತಗೊಂಡಿದ್ದು. ಆ ದಿನಗಳಲ್ಲೇ ಕಾಲೇಜಿನ ಲೈಬ್ರರಿಯಲ್ಲಿ ಸುಸನ್ನಾ ಹೆಸರನ್ನು ಹುಡುಕಿದೆ. ಹೀಬ್ರೂ ಭಾಷೆಯ ಹೂವಿನ ಹೆಸರು. ಅದರ ಬೇರು ಇನ್ನೂ ಹಿಂದೆ, ಹಳೇ ಈಜಿಪ್ಟಿನ ಒಂದು ಪದದಲ್ಲಿದೆಯಂತೆ. ಆ ಪದದ ಅರ್ಥ ತಾವರೆ.

ಈಗ ನಮ್ಮ ಬೀದಿಯಲ್ಲಿ ಮಕ್ಕಳೆಲ್ಲ ಇಂಗ್ಲಿಷಿನಲ್ಲೇ ಜಗಳ ಆಡುತ್ತವೆ. ಆದರೆ ಪಕ್ಕದ ಮನೆಯ ಹುಡುಗಿಯ ಹೆಸರನ್ನು ತಮ್ಮ ಮಗಳಿಗೋಸ್ಕರ ಪುಸ್ತಕದಲ್ಲಿ ಹುಡುಕುವವರನ್ನು ನಾನು ಮತ್ತೆ ಕಂಡಿಲ್ಲ. ನಲವತ್ತು ದಾಟಿದ ಹನ್ನಾ ಒಬ್ಬಳು ಎಲ್ಲೋ ಇದ್ದಾಳೆ. ನನ್ನ ಹೆಸರು ಅವಳಿಗೆ ಸೇರಬೇಕಿತ್ತು. ನಾನೇ ಓದಿ ಹೇಳಿ ತಪ್ಪಿಸಿದೆ.