ಟಾರ್ಪಾಲಿನ ಕೆಳಗಿದ್ದ ಮಟ್ಟೆ

1979ರ ಬೇಸಿಗೆಯಲ್ಲಿ ತಿಪಟೂರಿನ ಲಾರಿ ಮೆಕ್ಯಾನಿಕ್ ಗೌಸ್ ಸಾಬರಿಗೆ ನಾನೊಂದು ಸುಳ್ಳು ಹೇಳಿದೆ. ಅದರಿಂದ ಅವರಿಗೊಂದು ಅಡ್ಡಹೆಸರು ಬಂತು. ಇಷ್ಟು ವರ್ಷ ಆ ಹೆಸರನ್ನು ಕೇಳಿಸಿಕೊಂಡೂ ನಾನು ಸುಮ್ಮನಿದ್ದೆ.

ಹಾಲ್ಕುರಿಕೆ ಕಡೆಯ ತೋಟಗಳಿಂದ ತೆಂಗಿನಕಾಯಿ ತರುವ ದಾರಿಯಲ್ಲಿ ಒಂದು ಕಲ್ಲುಹಳ್ಳವಿತ್ತು. ಅಲ್ಲಿ ಇಳಿಯುವಾಗ ನನ್ನ ಲಾರಿಯ ಮುಂಭಾಗ ಬಂಡೆಗೆ ತಗಲುತ್ತಿತ್ತು. ಆಗಷ್ಟೇ ಸ್ವಂತ ಶೆಡ್ ಹಾಕಿದ್ದ ಸಾಬರು ಮುಂದಿನ ಬ್ಲೇಡ್ ಸೆಟ್ಟಿಗೆ—ಭಾರ ಹೊರುವ, ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿಗೆ—ಇನ್ನೊಂದು ಬ್ಲೇಡ್ ಸೇರಿಸಿ ಲಾರಿಯನ್ನು ಎತ್ತರಿಸಿದರು. ಬೇರೆ ಲಾರಿಗಳ ಮಾಲೀಕರು ನನ್ನ ಲಾರಿಯ ಗತಿ ನೋಡಿಕೊಂಡು ತಮ್ಮದನ್ನು ತರಲು ಕಾದಿದ್ದರು.

"ತುಂಬಿದ ಲೋಡಲ್ಲೇ ತನ್ನಿ ರುದ್ರಣ್ಣೋರೆ. ಭಾರ ಕೂತ್ಮೇಲೆ ಬ್ಲೇಡಿಗೂ ಮೇಲಿನ ಚಾಸಿ ಫ್ರೇಮಿಗೂ ಎಷ್ಟು ಸಂದು ಉಳೀತದೆ ನೋಡ್ಬೇಕು. ಕಮ್ಮಿ ಇದ್ರೆ ಇನ್ನೊಂದು ಹಾಕ್ತೀನಿ" ಎಂದಿದ್ದರು ಸಾಬರು.

ಅಂದು ಡ್ರೈವರೂ ಕಾಯಿ ತುಂಬುವ ಆಳುಗಳೂ ಬಂದಿರಲಿಲ್ಲ; ಲಾರಿಯನ್ನು ನಾನೇ ಓಡಿಸಿಕೊಂಡು ಶೆಡ್ಡಿಗೆ ತಂದೆ. ಲಾರಿಯಲ್ಲಿದ್ದದ್ದು ಕಾಯಿ ಸುಲಿದ ಮಟ್ಟೆ. ಟಾರ್ಪಾಲು ಬಿಗಿದರೆ ಕಾಯಿಯ ಲೋಡಿನಷ್ಟೇ ಎತ್ತರ ಕಾಣುತ್ತದೆ, ತೂಕವಿರುವುದಿಲ್ಲ. ಇನ್ನೊಂದು ದಿನ ಕಾಯುವ ತಾಳ್ಮೆ ನನಗೆ—

"ಕಾಯಿ ತಾನೇ?" ಲಾರಿಯ ಕೆಳಗಿನಿಂದ ಸಾಬರು ಕೇಳಿದರು.

"ಕಾಯಿನೇ ಕಣ್ರೀ ಸಾಬ್ರೆ."

ಸಂದು ಬೇಕಾದಷ್ಟಿದೆ ಎಂದು ಅವರು ಲಾರಿ ಬಿಟ್ಟುಕೊಟ್ಟರು. ಮರುವಾರ ನಿಜವಾಗಿ ಕಾಯಿ ತುಂಬಿ ಹಳ್ಳಕ್ಕಿಳಿದಾಗ ಮುಂದುಗಡೆ ಧಡ್ ಎಂದು ಸದ್ದಾಯಿತು. ಲಾರಿ ವಾಪಸ್ಸು ಬಂತು. ಮಂಡಿಯಲ್ಲಿ ಕೇಳಿದವರಿಗೆ, "ಸಾಬ್ರ ಕೆಲ್ಸ ಕೈ ಕೊಡ್ತು" ಎಂದೆ. ನಿಜ ಹೇಳಬಹುದಿತ್ತು—ಹೇಳಲಿಲ್ಲ.

ಸಾಬರು ತಗ್ಗುವ ಪೈಕಿಯಲ್ಲ. "ಅದೇ ಲೋಡು, ಅದೇ ಹಳ್ಳ. ಎಲ್ರೂ ಬರ್ಲಿ" ಎಂದು ಮಾಲೀಕರನ್ನೆಲ್ಲ ಹಳ್ಳದ ದಡಕ್ಕೇ ಕರೆಸಿದರು. ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿರಬೇಕು ಎಂದ ನನ್ನ ಡ್ರೈವರ್ ಸಿದ್ದಣ್ಣ. ಸಾಬರು ಅವನ ಮುಂದೆ ಕೈ ಚಾಚಿದರು.

"ಕ್ಯಾಬಿನ್ನಲ್ಲಿ ಇಟ್ಟಿದ್ಯಲ್ಲ, ಆ ಇಬೂತಿ ಗಟ್ಟಿ ಕೊಡು."

"ಲಾರಿಗೂ ದೀಕ್ಷೆ ಕೊಡ್ತೀರಾ ಸಾಬ್ರೆ?"

"ಕೊಡ್ತೀನಿ. ನಿನ್ಗಿಂತ ಅದೇ ನೆಟ್ಗೆ ನಡ್ಕೊಳ್ತದೆ ಕಣ್ಲಾ."

ವಿಭೂತಿಯನ್ನು ನೀರಿನಲ್ಲಿ ತೇಯ್ದು ಮಡ್‌ಗಾರ್ಡಿನ ಒಳಮೈಗೂ ಚಾಸಿಯ ಅಡಿಗೂ ಬಳಿದರು. ಸಿದ್ದಣ್ಣ ಲಾರಿಯನ್ನು ಇಳಿಸಿದ. ಮತ್ತದೇ ಸದ್ದು. ಮಡ್‌ಗಾರ್ಡಿನ ವಿಭೂತಿ ಹಾಗೇ ಇತ್ತು. ಬ್ಲೇಡುಗಳ ನೆತ್ತಿಯ ಮೇಲೆ ಬಿಳಿ ಗುರುತು ಬಿದ್ದಿತ್ತು. ಭಾರಕ್ಕೆ ಬ್ಲೇಡು ಚಪ್ಪಟೆಯಾಗಿ ಚಾಸಿಗೆ ಬಡಿಯುತ್ತಿತ್ತು. ಸಾಬರು ಗುರುತು ನೋಡಿದರು, ಲೋಡು ನೋಡಿದರು, ನನ್ನನ್ನೂ ನೋಡಿದರು. ನಾನು ಹಳ್ಳದ ಕಡೆ ಮುಖ ತಿರುಗಿಸಿದೆ.

ಶೆಡ್ಡಿಗೆ ಕೊಂಡೊಯ್ದು ಇನ್ನೊಂದು ಬ್ಲೇಡ್ ಹಾಕಿದರು. ಸಂಜೆಯೊಳಗೆ ಅದೇ ಜನ, ಅದೇ ದಡ. ಹೊಸದಾಗಿ ವಿಭೂತಿ ಬಳಿದು, ಈ ಸಲ ಸಾಬರು ತಾವೇ ಸ್ಟೇರಿಂಗ್ ಹಿಡಿದರು. ಲಾರಿ ಇಳಿಯಿತು. ಬಂಡೆಗೆ ತಗಲಲಿಲ್ಲ, ಸದ್ದಾಗಲಿಲ್ಲ. ಕಾಯಿಯ ಪೂರ್ತಿ ಲೋಡು ಹೊತ್ತು ಆಚೆ ದಡ ಹತ್ತಿತು. ಹತ್ತಿದ ಮೇಲೂ ಸಾಬರು ಹಾರನ್ ಬಿಡಲಿಲ್ಲ—ಒತ್ತುತ್ತಲೇ ಇದ್ದರು. ಮಾಲೀಕರು ಟವೆಲ್ ಬೀಸಿ ಕೂಗಿದರು. ಸಿದ್ದಣ್ಣ ಕೆಳಗೆ ಬಗ್ಗಿ ನೋಡಿ, "ಹಣೆ ಬರೀದಾಗೈತೆ ಕಣ್ರಪ್ಪ" ಎಂದು ಸಾರಿದ. ಬ್ಲೇಡಿನ ಮೇಲೆ ಒಂದು ಚುಕ್ಕೆ ಬಿಳಿ ಇರಲಿಲ್ಲ.

ಆ ಬೇಸಿಗೆ ಮುಗಿಯುವ ಮೊದಲೇ ಶೆಡ್ಡಿನ ಮುಂದೆ ಲಾರಿಗಳ ಸಾಲು ನಿಂತಿತು. ಗೆಲುವು ಸಾಬರದೇ. ಆದರೆ ಅದರ ಬಾಲಕ್ಕೆ ಒಂದು ಹೆಸರೂ ಅಂಟಿಕೊಂಡಿತು—"ಎರಡನೇ ಸಲದ ಸಾಬ್ರು". ಮೊದಲ ಸಲ ಕೆಡಿಸಿ ಆಮೇಲೆ ಸರಿ ಮಾಡುವವರು, ಎಂಬ ಅರ್ಥದಲ್ಲಿ. ಮೊದಲ ಸಲವೂ ಅವರು ಕೆಡಿಸಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ, ನಾನೂ ಆ ಹೆಸರಿಗೆ ಎಲ್ಲರ ಜೊತೆ—ಹೌದು, ನಕ್ಕಿದ್ದೇನೆ.

ಕಳೆದ ತಿಂಗಳು ಶೆಡ್ಡಿನಲ್ಲಿ, ಹಾಗೆ ಕರೆಯುವವರ ಎದುರಿನಲ್ಲೇ ಹೇಳಿದೆ: "ಅವತ್ತು ನಾನು ತಂದಿದ್ದು ಕಾಯಿ ಅಲ್ಲ. ಮಟ್ಟೆ. ಸಾಬ್ರಿಗೆ ಸುಳ್ಳು ಹೇಳ್ದೆ."

ಸಾಬರು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡರು. "ಇನ್ನೊಂದ್ ಸಲ ಹೇಳಿ ರುದ್ರಣ್ಣೋರೆ. ಆ ಮೂಲೇಲಿ ಕೂತಿರೋರಿಗೆ ಕೇಳಿಸ್ಲಿಲ್ಲ."

ಇನ್ನೊಂದು ಸಲ ಹೇಳಿದೆ, ಜೋರಾಗಿ.

ಈ ಸೋಮವಾರ ಅರಳಗುಪ್ಪೆಯ ಲಾರಿಯೊಂದು ಮುಂಭಾಗ ಎತ್ತರಿಸಲು ಬಂದಿತ್ತು. ಕೆಳಗೆ ತೂರುವ ಮೊದಲು ಸಾಬರು ಟಾರ್ಪಾಲಿನ ಅಂಚು ಎತ್ತಿ ಒಳಗೆ ಕೈ ಹಾಕಿದರು. ಕಾಯಿ ಇತ್ತು.